ತಪಕೀರಿನ ಡಬ್ಬಿ ನನ್ನದೇ

ಖಾರಪುಡಿ ಮಾರುವ ಸಾಹುಕಾರರ ಜೊತೆ ನಾನು ಜಗಳಕ್ಕೆ ನಿಂತ ದಿನದಿಂದ ಶುರು ಮಾಡುತ್ತೇನೆ. ಯಾಕೆಂದರೆ ಅವತ್ತು ತಪ್ಪು ಅವರದಾಗಿರಲಿಲ್ಲ.

ಗದಗಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ರೊಟ್ಟಿ ಖಾನಾವಳಿ ಇದೆ. ಗಂಡ ತೀರಿಕೊಂಡಾಗ ಮಗ ಬಸವರಾಜ ಇನ್ನೂ ಸಾಲಿಗೆ ಹೋಗುತ್ತಿದ್ದ. ಹಿರೇವಡ್ಡಟ್ಟಿಯ ತವರಿನವರು ವಾಪಸ್ ಬಾ ಎಂದರು. ನಾನು ಹೋಗಲಿಲ್ಲ. ಎರಡು ಒಲೆ, ಒಂದು ಹಂಚು, ಮೂರು ಮೇಜು ಹಾಕಿಕೊಂಡು ಕೂತೆ. ಈಗ ಮಧ್ಯಾಹ್ನ ಹನ್ನೆರಡೂವರೆಯ ನಂತರ ಬಂದವರು ಬಾಗಿಲಲ್ಲಿ ನಿಂತು ಕಾಯಬೇಕು. ಕಂಡಕ್ಟರುಗಳು, ಕೋರ್ಟಿನ ಗುಮಾಸ್ತರು, ಹಳ್ಳಿಯಿಂದ ಸಂತೆಗೆ ಬಂದವರು, ಎಲ್ಲರೂ ನನ್ನನ್ನು ಗಂಗಕ್ಕಾರ ಎಂದೇ ಕರೆಯುತ್ತಾರೆ. ಬದನೆಕಾಯಿ ಎಣ್ಣೆಗಾಯಿಯ ಉಪ್ಪು, ಹುಳಿ, ಖಾರ ನೋಡುವ ಕೆಲಸವನ್ನು ಅಷ್ಟು ವರ್ಷ ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೆರಳ ತುದಿಗೆ ಒಂದು ಹನಿ ಮುಟ್ಟಿಸಿ ನಾಲಿಗೆಗೆ ಇಟ್ಟರೆ ಸಾಕು, ಏನು ಕಡಿಮೆ ಎಂದು ಹೇಳುತ್ತಿದ್ದೆ. ಇದು ಜಂಬದ ಮಾತು ಅನ್ನಿಸಿದರೆ ಅನ್ನಿಸಲಿ. ಇದ್ದದ್ದನ್ನು ಹೇಳುತ್ತಿದ್ದೇನೆ.

ಆ ದಿನ ಎಣ್ಣೆಗಾಯಿ ಬಾಯಿಗಿಟ್ಟರೆ ಎಡಗಲ್ಲದ ಒಳಗೆ ಬೆಂಕಿ ಬಿದ್ದ ಹಾಗೆ ಉರಿಯಿತು. ಕಣ್ಣಲ್ಲಿ ನೀರು ಬಂತು. ಖಾರಪುಡಿಗೆ ಏನೋ ಬೆರೆಸಿದ್ದಾರೆಂದು ತೀರ್ಮಾನ ಮಾಡಿ, ಚೀಲ ಹೊತ್ತುಕೊಂಡು ನೆಟ್ಟಗೆ ಅಂಗಡಿಗೆ ಹೋದೆ. ಸಾಹುಕಾರರ ಗಲ್ಲಾಪೆಟ್ಟಿಗೆಯ ಮುಂದೆ ಚೀಲ ಕುಕ್ಕಿ, "ಇಷ್ಟ ವರ್ಷ ನಿಮ್ಮ ಕಡೆ ಒಯ್ದೀನಿ. ಇಂಥಾ ಮೋಸ ಮಾಡತೀರಿ ಅಂತ ತಿಳಿದಿರ್ಲಿಲ್ಲ" ಎಂದೆ. ಸಾಹುಕಾರರು ಚೀಲದಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು.

"ಖಾರ ಸರಿ ಐತಿ ಗಂಗಕ್ಕ. ಯಾವಾಗಿಂದ ಉರಿಯಾಕತ್ತೈತಿ ಬಾಯಿ?" ಎಂದು ಕೇಳಿದರು.

ಚೀಲ ಅಲ್ಲೇ ಬಿಟ್ಟು ಬಂದೆ. ಉತ್ತರ ನನಗೆ ಗೊತ್ತಿತ್ತು. ಮೂರು ತಿಂಗಳಿಂದ ಬಲಗಡೆಯಿಂದ ಮಾತ್ರ ಅಗಿಯುತ್ತಿದ್ದೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದೆ. ಎಡಗಲ್ಲದೊಳಗೆ ನಾಲಿಗೆಗೆ ಒಂದು ಗಂಟು ಸಿಗುತ್ತಿತ್ತು. ಅದನ್ನು ಮುಟ್ಟಿ ಮುಟ್ಟಿ ನೋಡಿ, ಹಲ್ಲು ತಾಗಿದ ಗಾಯ, ಹೋಗುತ್ತದೆ ಎಂದುಕೊಳ್ಳುತ್ತಿದ್ದೆ.

ನನ್ನ ಚಟಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದಲ್ಲ, ಎರಡು. ಮದುವೆಯಾಗಿ ಬಂದ ವರ್ಷ ಹಲ್ಲುನೋವೆಂದು ಅತ್ತಾಗ ನನ್ನ ಅತ್ತೆ ಒಂದು ಚಿಟಿಕೆ ತಪಕೀರನ್ನು ನನ್ನ ಬೆರಳಿಗೆ ಹಚ್ಚಿ ಹಲ್ಲು ತಿಕ್ಕಿಕೊಳ್ಳಲು ಹೇಳಿದರು. ತಪಕೀರು ಅಂದರೆ ನಶ್ಯದ ಪುಡಿ. ಮೂಗಿಗೆ ಏರಿಸುವವರು ಏರಿಸುತ್ತಾರೆ, ನಮ್ಮ ಕಡೆಯ ಹೆಂಗಸರು ಹಲ್ಲಿಗೆ ತಿಕ್ಕುತ್ತಾರೆ. ನೋವು ಹೋಯಿತು, ತಪಕೀರು ಉಳಿಯಿತು. ಮುಂಜಾನೆ ಅದನ್ನು ತಿಕ್ಕದೆ ಒಲೆ ಹೊತ್ತಿಸಿದ ದಿನವೇ ಇರಲಿಲ್ಲ. ಎರಡನೆಯದು ಎಲೆ ಅಡಿಕೆ, ಅದರೊಳಗೆ ಕಡ್ಡಿಪುಡಿ. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಒಂದು ಹಾಕಿಕೊಂಡರೆ ಕಾಲಿನ ನೋವೆಲ್ಲ ಇಳಿದಂತಾಗುತ್ತಿತ್ತು. ಆಮೇಲೆ ಸಂಜೆಗೆ ಒಂದು, ಪಾತ್ರೆ ತೊಳೆದ ಮೇಲೆ ಒಂದು.

ಇವೆರಡನ್ನೂ ನಾನು ತಂಬಾಕು ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ಪ್ರಕಾರ ತಂಬಾಕು ಅಂದರೆ ಗಂಡಸರು ಸೇದುವುದು, ಉಗುಳುವುದು. ಖಾನಾವಳಿಯ ಗೋಡೆಗೆ 'ಬೀಡಿ ಸೇದಬಾರದು, ಗುಟ್ಕಾ ಉಗುಳಬಾರದು' ಎಂದು ದೊಡ್ಡದಾಗಿ ಬರೆಸಿದ್ದೆ. ಗುಟ್ಕಾ ಹಾಕಿಕೊಂಡು ಒಳಗೆ ಬಂದವರನ್ನು ಹೊರಗೆ ಕಳಿಸುತ್ತಿದ್ದೆ, ನನ್ನ ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು.

ಸೊಸೆ ರೇಖಾ ಓದಿದ ಹುಡುಗಿ. ಇದನ್ನು ಈಗ ಬರೆಯುತ್ತಿರುವವಳೂ ಅವಳೇ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಖಾರದ ಚೀಲದ ಸುದ್ದಿ ಅವಳಿಗೆ ಮುಟ್ಟಿದ ಮರುದಿನವೇ ನನ್ನನ್ನು ಹಲ್ಲಿನ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯಿ ತೆರೆಯಿರಿ ಎಂದಳು. ನಾನು ತೆರೆದೆ. ಇನ್ನೂ ತೆರೆಯಿರಿ ಎಂದಳು. ಅಷ್ಟೇ ತೆರೆಯುವುದು ಎಂದು ನನಗೆ ಅವತ್ತೇ ಗೊತ್ತಾದದ್ದು. ಎರಡು ಬೆರಳು ಹಿಡಿಸುವಷ್ಟು.

"ಏನೇನ ಹಾಕ್ತೀರಿ ಅಮ್ಮಾ?"

"ಎಲಿ ಅಡಿಕಿ ರಿ."

"ಅದರಾಗ?"

"ಒಂಚೂರು ಕಡ್ಡಿಪುಡಿ."

"ಮತ್ತೇನರ?"

"ಏನಿಲ್ಲ ರಿ."

ತಪಕೀರನ್ನು ಹೀಗೆ ನಾನು ಮುಚ್ಚಿಟ್ಟೆ. ಯಾಕೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಎಲೆ ಅಡಿಕೆಗೆ ಒಂದು ಮರ್ಯಾದೆ ಇದೆ, ಅದನ್ನು ಬಂದವರ ಮುಂದೆ ತಟ್ಟೆಯಲ್ಲಿಟ್ಟು ಕೊಡುತ್ತೇವೆ. ತಪಕೀರು ಬಚ್ಚಲಿನ ವಸ್ತು, ಬ್ಲೌಸಿನೊಳಗೆ ಬಚ್ಚಿಡುವ ಡಬ್ಬಿ. ಅದನ್ನು ಮಗಳ ವಯಸ್ಸಿನ ಡಾಕ್ಟರ ಮುಂದೆ, ಪಕ್ಕದಲ್ಲಿ ಸೊಸೆಯನ್ನು ಕೂರಿಸಿಕೊಂಡು ಹೇಳಲು ನನಗೆ ಬಾಯಿ ಬರಲಿಲ್ಲ.

ಗಲ್ಲದಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಒಂದು ವಾರ ಹಿಡಿಯಿತು. ಬಸವರಾಜ ಗೂಡ್ಸ್ ಗಾಡಿ ಓಡಿಸುತ್ತಾನೆ. ಮನೆಗೆ ಬಂದರೆ ಗಲಾಟೆ ಮಾಡುವ ಹುಡುಗ ಆ ವಾರವೆಲ್ಲ ಗಾಡಿ ತೊಳೆಯುತ್ತಲೇ ಇದ್ದ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ಕಾಗದ ಕೈಗೆ ಬಂದ ದಿನ ಡಾಕ್ಟರು ಕ್ಯಾನ್ಸರ್ ಎಂಬ ಮಾತನ್ನು ಒಂದೇ ಸಲ ಹೇಳಿದರು. ಆಮೇಲೆ ಹುಬ್ಬಳ್ಳಿ, ಆಪರೇಷನ್, ಕರೆಂಟು, ಅಂದರೆ ರೇಡಿಯೇಷನ್ ಕೊಡುವುದು ಎಂದೆಲ್ಲ ಹೇಳುತ್ತಾ ಹೋದರು. ನನಗೆ ಕೇಳಿಸಿದ್ದು ಮೊದಲಿನ ಮಾತು ಮಾತ್ರ. ಹೊರಗೆ ಬೆಂಚಿನ ಮೇಲೆ ಒಂದು ಕೂಸು ಚುಕ್ಕೆ ಬಾಳೆಹಣ್ಣು ತಿನ್ನುತ್ತಾ ಕೂತಿತ್ತು. ಎಷ್ಟು ದೊಡ್ಡದಾಗಿ ಬಾಯಿ ತೆರೆಯುತ್ತದಲ್ಲ ಎಂದು ಅದನ್ನೇ ನೋಡುತ್ತಾ ನಿಂತೆ.

ಮನೆಗೆ ಬಂದ ಮೇಲೆ ಬಸವರಾಜ ಮೊದಲ ಸಲ ಬಾಯಿಬಿಟ್ಟ. "ಯವ್ವಾ, ಗಿರಾಕಿಗೆ ಹೇಳೂದು ಬ್ಯಾಡ. ಬಾಯಾಗಿನ ಜಡ್ಡು ಅಂದ್ರ ಮಂದಿ ಏನ ತಿಳಕೋತಾರೋ. ಕೈಯಾಗಿನ ಊಟ ಮಾಡಾಕ ಹೇಸತಾರು."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೂ ಹೆದರಿಕೆ. ಆದರೆ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು.

ಮರುದಿನ ಎಲ್ಲರ ಮುಂದೆ ನನ್ನ ಎಲೆ ಅಡಿಕೆಯ ಚಂಚಿಯನ್ನು ಒಲೆಗೆ ಹಾಕಿದೆ. ಅಡಕತ್ತರಿಯನ್ನು ಹಳೇ ಸಾಮಾನಿನವನಿಗೆ ಕೊಟ್ಟೆ. ರೊಟ್ಟಿ ಬಡಿಯುವ ಹೆಂಗಸರು ಕೈ ನಿಲ್ಲಿಸಿ ನೋಡಿದರು. "ಅಕ್ಕಾರದು ಗಂಡು ಎದಿ" ಎಂದರು. ಬಸವರಾಜನ ಕಣ್ಣು ತುಂಬಿತು. ನಾನೂ ತಲೆ ಎತ್ತಿಕೊಂಡೇ ನಿಂತಿದ್ದೆ. ತಪಕೀರಿನ ಡಬ್ಬಿ ಬ್ಲೌಸಿನೊಳಗೆ ಬೆಚ್ಚಗಿತ್ತು. ಅಲ್ಲಿಯವರೆಗೆ ಮುಂಜಾನೆ ಒಂದೇ ಸಲ ತಿಕ್ಕುತ್ತಿದ್ದವಳು ಆ ವಾರದಿಂದ ಐದಾರು ಸಲ ತಿಕ್ಕತೊಡಗಿದೆ. ಒಂದನ್ನು ಸುಟ್ಟ ಹೆಸರು ಸಿಕ್ಕಿತ್ತು, ಇನ್ನೊಂದು ಅದರ ಪಾಲನ್ನೂ ತಾನೇ ತಿಂದು ಬೆಳೆಯಿತು.

ಆಪರೇಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಡಗಲ್ಲದ ಒಳಭಾಗ, ಕೆಳಗಿನ ನಾಲ್ಕು ಹಲ್ಲು, ಅವುಗಳ ಬುಡದ ಎಲುಬಿನ ಚೂರು ತೆಗೆದರು. ಕುತ್ತಿಗೆಯ ಗಂಟುಗಳನ್ನೂ ತೆಗೆದರು. ಎದೆಯ ಮೇಲಿನ ಮಾಂಸ ತಂದು ಗಲ್ಲ ತುಂಬಿದರು. ಎಚ್ಚರವಾದಾಗ ಮೂಗಿನಲ್ಲಿ ನಳಿಕೆ, ಕುತ್ತಿಗೆಯಲ್ಲಿ ನಳಿಕೆ. ಮಾತಾಡಲು ಬರುತ್ತಿರಲಿಲ್ಲ. ರೇಖಾ ಪಾಟಿ, ಬಳಪ ತಂದಿದ್ದಳು. ಏಳನೇ ಇಯತ್ತೆಗೆ ಸಾಲಿ ಬಿಟ್ಟ ಮೇಲೆ ನಾನು ಮೊದಲ ಸಲ ಬರೆದ ಅಕ್ಷರ, 'ಖಾನಾವಳಿ ಬಂದ್ ಇಟ್ಟೀರೇನು?' ಅವಳು ಓದಿ ನಕ್ಕಳು. "ಇಲ್ಲರಿ ಅತ್ತಿ. ಇವತ್ತೂ ಬಾಗಲ ತಗದೈತಿ" ಎಂದಳು. ನಾನು ಹೋದ ಮೇಲೆ ಒಂದು ದಿನವೂ ಮುಚ್ಚಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿ, ನಳಿಕೆಯಲ್ಲಿ ಗಂಜಿ ಇಳಿಸಿಕೊಳ್ಳುತ್ತಾ ನಾನು ಹಿಗ್ಗಿದ್ದು ಈ ಮಾತಿಗೆ.

ಒಂದು ದಿನ ನರ್ಸು ಕನ್ನಡಿ ಕೊಟ್ಟಳು. ಮುಖ ಎಡಕ್ಕೆ ಜಗ್ಗಿತ್ತು. ನನ್ನ ಮುಖವೇ ಹೌದೋ ಅಲ್ಲವೋ ಎಂದು ಹುಬ್ಬಿನ ನಡುವಿನ ಹಚ್ಚೆ ನೋಡಿ ಖಾತ್ರಿ ಮಾಡಿಕೊಂಡೆ.

ಇನ್ನು ನಾನು ಹೇಳಲೇಬೇಕಾದ ನಾಚಿಕೆಯ ಮಾತು. ಗಾಯ ಮಾಯಿತು, ನಳಿಕೆ ತೆಗೆದರು, ಮನೆಗೆ ಬಂದೆ. ಕರೆಂಟು ಶುರುವಾಗಲು ಇನ್ನೂ ಎರಡು ವಾರ ಇತ್ತು. ಆಸ್ಪತ್ರೆಯಲ್ಲಿದ್ದಷ್ಟು ದಿನ ತಪಕೀರು ಮುಟ್ಟಿರಲಿಲ್ಲ, ಮುಟ್ಟುವ ಹಾಗೂ ಇರಲಿಲ್ಲ. ಮನೆಗೆ ಬಂದ ನಾಲ್ಕನೇ ಮುಂಜಾನೆ ಬಚ್ಚಲಿಗೆ ಹೋದವಳ ಬೆರಳು ತಾನಾಗಿ ಡಬ್ಬಿ ಹುಡುಕಿತು. ಬಲಗಡೆಯ ಹಲ್ಲಿಗೆ ಹಚ್ಚಿದೆ. ಎಡಗಡೆ ಕೊಯ್ದಿದ್ದಾರೆ, ಬಲಗಡೆ ಏನೂ ಆಗಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟು ಕೊಯ್ಸಿಕೊಂಡು ಬಂದವಳು!

ಕರೆಂಟಿಗೆ ವಾರಕ್ಕೆ ಐದು ದಿನದಂತೆ ಆರು ವಾರ ಹುಬ್ಬಳ್ಳಿಗೆ ಓಡಾಡಬೇಕಿತ್ತು. ನಮ್ಮಲ್ಲಿ ಉಣ್ಣುವ ಕಂಡಕ್ಟರುಗಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಮೊದಲ ದಿನ ಬಸ್ಸು ಹತ್ತಿದರೆ ಡ್ರೈವರ ಹಿಂದಿನ ಸೀಟಿನ ಮೇಲೆ ಟವೆಲ್ ಹಾಸಿತ್ತು. "ಕುಂಡ್ರಿ ಗಂಗಕ್ಕಾರ. ಇದು ನಿಮ್ಮದು" ಎಂದ ಕಂಡಕ್ಟರ. ಆರು ವಾರದಲ್ಲಿ ಕಂಡಕ್ಟರುಗಳು ಬದಲಾದರು, ಸೀಟು ಬದಲಾಗಲಿಲ್ಲ. ಬಸವರಾಜ ಯಾವ ಸುದ್ದಿ ಗೊತ್ತಾದರೆ ಮಂದಿ ಹೇಸುತ್ತಾರೆ ಎಂದು ಹೆದರಿದ್ದನೋ, ಆ ಸುದ್ದಿ ಗೊತ್ತಾಗಿಯೇ ಅವರು ಟವೆಲ್ ಹಾಸಿದ್ದರು.

ಅದೇ ಬಸ್ಸಿನಲ್ಲಿ ಶಿರಹಟ್ಟಿಯ ಮೌಲಾಸಾಬ ಸಿಕ್ಕ. ಗಾದಿ ಹೊಲಿಯುವವನು. ಗಂಟಲಿನ ಕ್ಯಾನ್ಸರ್. ಬೆಟಗೇರಿಯ ಮಗಳ ಮನೆಯಲ್ಲಿ ಉಳಿದುಕೊಂಡು ನನ್ನಂತೆಯೇ ದಿನಾ ಓಡಾಡುತ್ತಿದ್ದ. ದನಿ ಒಡೆದು ಗೊರಗೊರ ಎನ್ನುತ್ತಿತ್ತು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

"ನಂದು ಮೂರು ಅಕ್ಕಾ" ಎಂದ ಮೊದಲ ದಿನವೇ. "ಮುಂಜಾನೆ ಬೀಡಿ. ಕೆಲಸಕ್ಕ ಕುಂತ್ರ ಗುಟ್ಕಾ. ಹತ್ತಿ ಮುಂದ ಬೀಡಿ ಹಚ್ಚಾಕ ಆಗೂದಿಲ್ಲ ನೋಡು, ಎಲ್ಲಾ ಸುಟ್ಟ ಹೋಗತೈತಿ. ಉಂಡ ಮ್ಯಾಲೆ ತಂಬಾಕ ಸುಣ್ಣ. ಮೂರಕ್ಕೂ ಬರೋಬರ ಹೊತ್ತು ಕೊಟ್ಟೀನಿ, ಯಾರಿಗೂ ಕಡಿಮಿ ಮಾಡಿಲ್ಲ." ನಕ್ಕ. ನಗುವಾಗ ಕೆಮ್ಮು ಬಂತು.

"ಎಲ್ಲಾ ಬಿಟ್ಟಿ?" ಎಂದೆ.

"ಹಿಂದ ಒಮ್ಮಿ ಬೀಡಿ ಬಿಟ್ಟಿದ್ದೆ. ಮಗಳ ಲಗ್ನದಾಗ ಎಲ್ಲಾರೂ ಶಾಬಾಸ್ ಅಂದ್ರು. ಆವಾಗ ಗುಟ್ಕಾ ಜಾಸ್ತಿ ಆತು. ಗುಟ್ಕಾ ಬಿಡಬೇಕು ಅಂತ ಮತ್ತ ಬೀಡಿ ಹಿಡದೆ. ಆಮ್ಯಾಲೆ ಎರಡೂ ಉಳದ್ವು." ಕಿಟಕಿಯ ಹೊರಗೆ ನೋಡುತ್ತಾ ಹೇಳಿದ, "ಬಸ್ಸಿನಾಗ ಸೀಟು ಬದಲಿ ಮಾಡಿದಂಗ ಅಕ್ಕಾ ಅದು. ಆ ಸೀಟ ಬಿಟ್ಟು ಈ ಸೀಟಿಗೆ ಕುಂತೆ. ಬಸ್ಸು ಹೋಗೂ ಊರು ಅದ. ಈ ಸಲ ಮೂರೂ ಒಂದ ದಿನ ಬಿಟ್ಟೀನಿ, ಇಳದ ಬಿಟ್ಟೀನಿ."

ಆಮೇಲೆ ನನ್ನ ಕಡೆ ತಿರುಗಿ, "ನಿಂದು?" ಎಂದ.

"ಎಲಿ ಅಡಿಕಿ ಅಷ್ಟ" ಎಂದೆ. ಡಬ್ಬಿ ಕೈಚೀಲದಲ್ಲಿತ್ತು. ಆ ದಿನ ಅವನ ಮುಖ ನೋಡಿ ಮಾತಾಡಲು ನನಗೆ ಮತ್ತೆ ಆಗಲಿಲ್ಲ.

ಕರೆಂಟಿನ ಕೋಣೆಯಲ್ಲಿ ಜಾಲರಿಯಂಥ ಮುಖವಾಡ ಹಾಕಿ, ಅದನ್ನು ಮೇಜಿಗೆ ಬಿಗಿದುಬಿಡುತ್ತಾರೆ. ತಲೆ ಅಲ್ಲಾಡಿಸುವ ಹಾಗಿಲ್ಲ. ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚುತ್ತಾರೆ. ಮೊದಲ ದಿನ ನನಗೆ ಉಸಿರೇ ಸಿಗಲಿಲ್ಲ. ಅಲ್ಲಿ ಮಷೀನು ನಡೆಸುವ ಹುಡುಗಿ ಮರುದಿನದಿಂದ ಹೊರಗೆ ಕೂತು ಮೈಕಿನಲ್ಲಿ ಕೇಳತೊಡಗಿದಳು, "ಗಂಗಕ್ಕಾರ, ಇವತ್ತ ಖಾನಾವಳ್ಯಾಗ ಪಲ್ಯ ಯಾವುದ್ರಿ? ಹೊರಗ ಬಂದ ಮ್ಯಾಲೆ ಹೇಳ್ರಿ." ನಾನು ಅಲ್ಲಾಡದೆ ಮಲಗಿ ಮನಸ್ಸಿನಲ್ಲೇ ಎಣ್ಣೆಗಾಯಿ ಮಾಡುತ್ತಿದ್ದೆ. ಶೇಂಗಾ ಹುರಿದು, ಪುಡಿ ಮಾಡಿ, ಬದನೆಕಾಯಿಗೆ ತುಂಬಿ, ಒಲೆಗಿಡುವಷ್ಟರಲ್ಲಿ ಬಾಗಿಲು ತೆರೆಯುತ್ತಿತ್ತು.

ಎರಡನೇ ವಾರದ ರವಿವಾರ. ಕರೆಂಟಿಗೆ ರಜೆ. ನಾನು ಮಧ್ಯಾಹ್ನ ಮಲಗಿ ಎದ್ದು ಅಡುಗೆಮನೆಗೆ ಬಂದರೆ ರೇಖಾ ಜೋಳದ ಹಿಟ್ಟಿನ ಡಬ್ಬಿಯ ಮುಂದೆ ಕೂತಿದ್ದಳು. ಕೈಯಲ್ಲಿ ತಪಕೀರಿನ ಡಬ್ಬಿ. ಮನೆಯಲ್ಲಿದ್ದಾಗ ನಾನು ಅದನ್ನು ಹಿಟ್ಟಿನೊಳಗೆ ಹುಗಿದಿಡುತ್ತಿದ್ದೆ. ಅವಳು ಬೈಯುತ್ತಾಳೆ, ಅಳುತ್ತಾಳೆ, ಮಗನಿಗೆ ಹೇಳುತ್ತಾಳೆ ಎಂದು ಕಾದೆ. ಅವಳು ತಣ್ಣಗೆ ಕೇಳಿದಳು.

"ಅತ್ತೀ, ಇದು ಏನ್ರಿ?"

"ಹಲ್ಲಪುಡಿ."

"ಬರೇ ಹಲ್ಲಪುಡಿ?"

"ಹೌದವಾ. ನಮ್ಮತ್ತಿ ಕಲಿಸಿದ್ದು. ಅದರಾಗ ಏನೂ ಇಲ್ಲ."

"ಹಂಗಾರ ನಾನೂ ತಿಕ್ಕೋತೀನಿ. ನನಗೂ ಒಂದು ಹಲ್ಲು ನೋಯಾಕತ್ತೈತಿ." ಮುಚ್ಚಳ ತೆಗೆದು ಬೆರಳು ಅದ್ದಿದಳು. ಬೆರಳನ್ನು ಬಾಯಿಯ ಹತ್ತಿರ ತಂದಳು.

ನಾನು ಹಾರಿ ಹೋಗಿ ಅವಳ ಕೈಗೆ ಹೊಡೆದೆ. ಡಬ್ಬಿ ಹಂಚಿಗೆ ಬಡಿದು ಪುಡಿಯೆಲ್ಲ ನೆಲಕ್ಕೆ ಚೆಲ್ಲಿತು. "ಬ್ಯಾಡಾ! ತಂಬಾಕ ಐತಿ ಅದರಾಗ! ಬಾಯಿ ಕೊಳತೀತು!" ಎಂದು ಕೂಗಿದೆ. ಆಪರೇಷನ್ ಆದ ಮೇಲೆ ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಬಂದದ್ದು ಅದೇ ಮೊದಲು.

ರೇಖಾ ನನ್ನನ್ನೇ ನೋಡಿದಳು. "ಹಂಗಾರ ನಿಮಗ ಗೊತ್ತಿತ್ತು" ಎಂದಳು.

ಹೌದು, ಗೊತ್ತಿತ್ತು. ನನಗೆ ಗೊತ್ತೇ ಇರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡ ಮಾತು ಆ ಒಂದು ಗಳಿಗೆಯಲ್ಲಿ ಸುಳ್ಳಾಯಿತು. ಸೊಸೆಯ ಬಾಯಿಗೆ ಬೇಡವಾದದ್ದು ನನ್ನ ಬಾಯಿಗೆ ಹೇಗೆ ನಡೆಯುತ್ತಿತ್ತು? ಇಬ್ಬರೂ ನೆಲದ ಮೇಲೆ ಕೂತು ಅತ್ತೆವು. ಆಮೇಲೆ ಅವಳು ಒದ್ದೆ ಬಟ್ಟೆ ತಂದಳು. "ನಾ ಒರಸ್ತೀನಿ. ಚೆಲ್ಲಿದಾಕಿ ನಾನು" ಎಂದು ಅದನ್ನು ಅವಳ ಕೈಯಿಂದ ಕಸಿದುಕೊಂಡೆ. ಆ ನೆಲವನ್ನು ಮೂರು ಸಲ ಒರೆಸಿದೆ.

ಸೋಮವಾರ ಬಸ್ಸಿನಲ್ಲಿ ಮೌಲಾಸಾಬನಿಗೆ ಮೊದಲು ಹೇಳಿದೆ. "ನಂದೂ ಒಂದಲ್ಲೋ ತಮ್ಮಾ, ಎರಡು. ಎರಡನೇದು ನಿನ್ನೆ ತನಕ ನಡದಿತ್ತು." ಅವನು "ಇವತ್ತ ಇಳದಿ ಅಂದಂಗಾತು" ಎಂದ.

ಆಸ್ಪತ್ರೆಯಲ್ಲಿ ಕಾಯುವ ಜಾಗದಲ್ಲಿ ನಲವತ್ತು ಮಂದಿ ಇದ್ದರು. ಅವತ್ತು ದೊಡ್ಡ ಡಾಕ್ಟರು ಒಳಗೆ ಕರೆಯದೆ ಬೆಂಚುಗಳ ನಡುವೆಯೇ ಓಡಾಡಿ ಎಲ್ಲರನ್ನೂ ವಿಚಾರಿಸುತ್ತಿದ್ದರು. ನನ್ನ ಹತ್ತಿರ ಬಂದಾಗ ಎದ್ದು ನಿಂತೆ. "ಸಾಹೇಬ್ರ, ನನ್ನ ಕಾಗದದಾಗ ಒಂದು ಬರಿಯೂದು ಉಳದೈತ್ರಿ. ಕಡ್ಡಿಪುಡಿ ಅಂತ ಬರದೈತಿ. ತಪಕೀರೂ ಬರೀರಿ. ಮೂವತ್ತು ವರ್ಷ ಹಚ್ಚೀನಿ. ಆಪರೇಷನ್ ಆದ ಮ್ಯಾಲೂ ಹಚ್ಚೀನಿ. ಡಬ್ಬಿ ನಂದ ರಿ."

ಮಾತು ತೊದಲಾಗಿ ಬರುತ್ತಿತ್ತು, ಆದರೂ ಎಲ್ಲರಿಗೂ ಕೇಳಿಸಿತು. ಬೈಗುಳ ತಿನ್ನಲು ತಯಾರಾಗಿಯೇ ನಿಂತಿದ್ದೆ. ಡಾಕ್ಟರು ಪೆನ್ನು ತೆಗೆದು ಬರೆದುಕೊಂಡರು. "ಹೇಳಿದ್ದು ಭಾಳ ಚಲೋ ಆತು ರಿ. ಇದನ್ನ ಹೇಳದನ ಮನಿಗೆ ಹೋಗೋರು ಭಾಳ ಮಂದಿ" ಎಂದು, ಚಟ ಬಿಡಿಸಲು ನೆರವಾಗುವ ಹೆಣ್ಣುಮಗಳ ಹತ್ತಿರ ನನ್ನನ್ನು ಕಳಿಸಿದರು. ಎದುರು ಬೆಂಚಿನಲ್ಲಿ ಕೂತ ಇಬ್ಬರು ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ಮೇಲಿನ ಸೆರಗು ತೆಗೆದೇ ನಡೆದೆ.

ಬಿಡುವುದು ಸುಲಭವಾಗಿತ್ತು ಎಂದು ಹೇಳಿದರೆ ಓದುವವರಿಗೆ ಮೋಸ ಮಾಡಿದ ಹಾಗೆ. ತಲೆ ಸಿಡಿಯುತ್ತಿತ್ತು. ಹೊಟ್ಟೆ ಕಟ್ಟಿತು. ಬೆಳಗಾದರೆ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ತೋರುಬೆರಳು ತಾನಾಗಿ ಹಲ್ಲಿಗೆ ಹೋಗುತ್ತಿತ್ತು. ಆಸ್ಪತ್ರೆಯ ಆ ಹೆಣ್ಣುಮಗಳು, "ಆಸೆ ಬಂದಾಗ ಕೈಗೆ ಕೆಲಸ ಕೊಡ್ರಿ, ಸ್ವಲ್ಪ ಹೊತ್ತಿನಾಗ ಅದು ಹಾದು ಹೋಗತೈತಿ" ಎಂದಿದ್ದಳು. ನನ್ನ ಕೈಗೆ ಗೊತ್ತಿದ್ದದ್ದು ರೊಟ್ಟಿ. ಆಸೆ ಬಂದಾಗಲೆಲ್ಲ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂರುತ್ತಿದ್ದೆ. ಆ ತಿಂಗಳು ನಮ್ಮಲ್ಲಿ ಎಷ್ಟು ಒಣಗಿಸಿದ ಕಟಿ ರೊಟ್ಟಿ ಪೇರಿಸಿದ್ದೆನೆಂದರೆ, "ಅತ್ತೀ, ಇನ್ನ ಇಡಾಕ ಬುಟ್ಟಿ ಇಲ್ಲರಿ" ಎಂದು ರೇಖಾ ಕೈ ಮುಗಿದಳು.

ಬಡಿದ ರೊಟ್ಟಿಯ ಒಂದು ಚೂರೂ ನನಗೆ ತಿನ್ನಲು ಆಗುತ್ತಿರಲಿಲ್ಲ. ಕರೆಂಟಿಗೆ ಬಾಯೆಲ್ಲ ಹುಣ್ಣಾಗಿತ್ತು. ಗಂಜಿ, ಮಜ್ಜಿಗೆ, ಅಷ್ಟೇ. ಅದಕ್ಕಿಂತ ದೊಡ್ಡ ಪೆಟ್ಟು, ರುಚಿ ಹೋಯಿತು. ಉಪ್ಪು ಹಾಕಿದರೂ ಸಕ್ಕರೆ ಹಾಕಿದರೂ ನಾಲಿಗೆಗೆ ಒದ್ದೆ ಅರಿವೆ ಇಟ್ಟ ಹಾಗೆ. ಕ್ಯಾನ್ಸರ್ ಎಂದಾಗ ಅಳದವಳು ಇದಕ್ಕೆ ಅತ್ತೆ. ಪಲ್ಯದ ಪಾತ್ರೆಯ ಮುಂದೆ ನಿಂತು ಬೆರಳನ್ನು ನಾಲಿಗೆಗೆ ಇಟ್ಟರೆ ಏನೂ ಇಲ್ಲ.

ಆವಾಗ ರೇಖಾಳನ್ನು ಪಕ್ಕಕ್ಕೆ ಕರೆದೆ. "ನೀ ನೋಡಿ ಹೇಳು" ಎಂದೆ. ಮೊದಮೊದಲು ಅವಳು ನನ್ನ ಮುಖ ನೋಡಿಯೇ ಹೇಳುತ್ತಿದ್ದಳು, "ಉಪ್ಪು ಸ್ವಲ್ಪ ಕಡಿಮಿ ಅನಸ್ತೈತೇನೋ ರಿ." ನಾನು ಕಣ್ಣಿನಿಂದ, ವಾಸನೆಯಿಂದ, ಎಣ್ಣೆ ಬಿಟ್ಟ ಬಗೆಯಿಂದ ಹೇಳಿಕೊಟ್ಟೆ. ಒಂದು ದಿನ ನಾನು ಕೇಳುವ ಮೊದಲೇ ಅವಳು ಚಮಚ ಕೆಳಗಿಟ್ಟು, "ಇದಕ್ಕ ಹುಣಸಿ ಸಾಲಾಂಗಿಲ್ಲ. ಬೆಲ್ಲ ಜಾಸ್ತಿ ಆಗೈತಿ. ಯಾರ ಹಾಕಿದ್ರು?" ಎಂದು ಜೋರು ಮಾಡಿದಳು. ಬೆಲ್ಲ ಹಾಕಿದವಳು ನಾನೇ. ಆ ಜೋರು ಕೇಳಿ ನನಗೆ ಆದ ಹಿಗ್ಗು ಇಷ್ಟೆಂದು ಹೇಳಲಾಗದು. ನನ್ನ ಖಾನಾವಳಿಗೆ ಎರಡನೇ ನಾಲಿಗೆ ಹುಟ್ಟಿತ್ತು.

ಮೌಲಾಸಾಬ ಉಳಿಯಲಿಲ್ಲ. ಚಿಕಿತ್ಸೆ ಮುಗಿದ ಕೆಲವು ತಿಂಗಳಿಗೆ ಜಡ್ಡು ಪುಪ್ಪುಸಕ್ಕೆ ಇಳಿಯಿತು. ನಾನು, ರೇಖಾ ಶಿರಹಟ್ಟಿಗೆ ಹೋಗಿ ನೋಡಿ ಬಂದೆವು. ದನಿ ಪೂರಾ ಹೋಗಿತ್ತು. ನನ್ನ ಕಡೆ ಮೂರು ಬೆರಳು ತೋರಿಸಿ, ಅವನ್ನು ಮಡಚಿ ಮುಷ್ಟಿ ಮಾಡಿ ಎದೆಗೆ ಹಚ್ಚಿಕೊಂಡ. ಮೂರನ್ನೂ ಮುಟ್ಟಿಲ್ಲ ಎಂದು. ಅವನ ಮಗಳೂ ಹೌದೆಂದು ತಲೆಯಾಡಿಸಿದಳು. ಅವನು ಗೆಲ್ಲಲಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ನನ್ನ ಚಿಕಿತ್ಸೆ ಮುಗಿದು ಎರಡು ತಿಂಗಳಿಗೆ ನಾನು ಮತ್ತೆ ಖಾನಾವಳಿಯ ಗಲ್ಲಾದ ಮೇಲೆ ಕೂತೆ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲು ಬಸವರಾಜ ಹೇಳಲಿಲ್ಲ, ಆದರೆ ಬಾಗಿಲ ಹತ್ತಿರ ನಿಂತೇ ಇದ್ದ. ಗಿರಾಕಿಗಳು ನೋಡಿದರು, ತಲೆ ತಗ್ಗಿಸಿ ಉಂಡರು. ಒಬ್ಬ ಹಳೇ ಗುಮಾಸ್ತರು ಕೈ ತೊಳೆದು ಬಂದು ಮೆಲ್ಲಗೆ, "ಏನಾಗಿತ್ರಿ ಅಕ್ಕಾರ?" ಎಂದರು. ಅವರಿಗೊಬ್ಬರಿಗೇ ಹೇಳುವ ಬದಲು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಏನಾಗಿತ್ತು, ಏನೇನು ಹಾಕುತ್ತಿದ್ದೆ, ಯಾವುದನ್ನು ಮುಚ್ಚಿಟ್ಟಿದ್ದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಜಡ್ಡಲ್ಲ ಎಂದೂ ಹೇಳಿದೆ. ಇಬ್ಬರು ಮೂವರು ಮರುದಿನದಿಂದ ಬರಲಿಲ್ಲ. ಬರದಿದ್ದರೆ ಬಿಡಲಿ. ಉಳಿದವರು ಹೆಂಡತಿಯರನ್ನು ಕರೆತಂದರು. ಡಂಬಳದಿಂದ, ಲಕ್ಕುಂಡಿಯಿಂದ ಬಂದ ಹೆಂಗಸರು ಊಟ ಮುಗಿದ ಮೇಲೆ ಅಡುಗೆಮನೆಯೊಳಗೆ ಬಂದು, ಸೊಸೆಯರನ್ನು ಹೊರಗೆ ಕಳಿಸಿ, "ಅಕ್ಕಾರ, ನಂದೂ ಒಂದೀಟು ನೋಡ್ರಿ" ಎಂದು ಬಾಯಿ ತೆರೆಯುತ್ತಾರೆ. ನಾನು ಡಾಕ್ಟರಲ್ಲ. "ಏನೇನ ಹಾಕ್ತಿ? ಮತ್ತೇನ?" ಎಂದು ಕೇಳುತ್ತೇನೆ. ಎರಡನೇ ಸಲ ಕೇಳಿದಾಗಲೇ ನಿಜ ಹೊರಗೆ ಬರುವುದು. ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ರುಚಿ ತಿಂಗಳುಗಟ್ಟಲೆ ತಡ ಮಾಡಿ ಚೂರುಚೂರಾಗಿ ಬಂತು. ಮೊದಲು ಹುಳಿ, ಆಮೇಲೆ ಉಪ್ಪು. ಖಾರ ಈಗಲೂ ತಾಳುವುದಿಲ್ಲ. ಬಾಯಿ ಈಗಲೂ ಎರಡು ಬೆರಳಿನಷ್ಟೇ ತೆರೆಯುತ್ತದೆ. ಒಂದು ರೊಟ್ಟಿ ತಿನ್ನಲು ಮುಕ್ಕಾಲು ಗಂಟೆ ಬೇಕು. ಎಡಗಡೆಯಿಂದ ಸಾರು ಸೋರುತ್ತದೆ, ಟವೆಲ್ ಇಟ್ಟುಕೊಂಡೇ ಉಣ್ಣಬೇಕು. ಹಾಗಾಗಿ ಮಂದಿಯ ನಡುವೆ ಕೂತು ಉಣ್ಣುವುದನ್ನು ಬಿಟ್ಟೇಬಿಟ್ಟಿದ್ದೆ.

ಹೋದ ವರ್ಷ ಲಕ್ಷ್ಮೇಶ್ವರದಲ್ಲಿ ತಂಗಿಯ ಮಗಳ ಮದುವೆ. ಊಟದ ಹೊತ್ತಿಗೆ ತಂಗಿ ಬಂದು, "ಅಕ್ಕಾ, ಒಳಗ ಕ್ವಾಣ್ಯಾಗ ನಿನಗ ಬ್ಯಾರೆ ಬಡಿಸೀನಿ. ಸಾವಕಾಶ ಉಣ್ಣು" ಎಂದಳು. ಪ್ರೀತಿಯಿಂದಲೇ ಹೇಳಿದಳು. ನಾನು ಕೋಣೆಯ ಬಾಗಿಲವರೆಗೆ ಹೋಗಿಬಿಟ್ಟೆ. ಒಳಗೆ ಒಂದೇ ಎಲೆ ಹಾಸಿತ್ತು. ಅದನ್ನು ನೋಡಿ ನನಗೆ ಏನೋ ಆಯಿತು. ತಿರುಗಿ ಬಂದು ಮೊದಲ ಪಂಕ್ತಿಯಲ್ಲಿ ನಟ್ಟನಡುವೆ ಕೂತೆ. ಟವೆಲ್ ಮಡಚಿ ತೊಡೆಯ ಮೇಲೆ ಇಟ್ಟುಕೊಂಡೆ.

ಗೋಧಿ ಹುಗ್ಗಿ, ಅನ್ನ, ಸಾರು ಬಂತು. ನಾನು ಚೂರು ಚೂರೇ ಉಂಡೆ. ಅರ್ಧ ಆಗುವಷ್ಟರಲ್ಲಿ ಸಾಲಿನಲ್ಲಿ ಎಲ್ಲರದೂ ಮುಗಿದಿತ್ತು. ಒಬ್ಬರದಾದರೂ ಉಳಿದಿದ್ದರೆ ಪಂಕ್ತಿ ಏಳುವ ಹಾಗಿಲ್ಲ. ಎಲೆ ಮಡಚಿ ಎದ್ದುಬಿಡಲೇ ಎಂದುಕೊಂಡೆ. ಅಷ್ಟರಲ್ಲಿ ಎದುರಿಗೆ ಕೂತ ಮುದುಕರೊಬ್ಬರು ಬಡಿಸುವವನನ್ನು ಕರೆದು, "ಇನ್ನೊಂದೀಟು ಹುಗ್ಗಿ ಹಾಕಪಾ" ಎಂದರು. ಅವರ ಪಕ್ಕದವರು ಅನ್ನ ಕೇಳಿದರು. ನನ್ನ ಎಡಕ್ಕೆ ಕೂತ ಗುರುತಿಲ್ಲದ ಹೆಂಗಸು ಮಜ್ಜಿಗೆ ಹಾಕಿಸಿಕೊಂಡು ಬೆರಳಾಡಿಸುತ್ತಾ ಕೂತಳು.

ಇಪ್ಪತ್ತು ವರ್ಷ ಉಣ್ಣುವವರ ಕೈ ನೋಡಿಯೇ ಬದುಕಿದವಳು ನಾನು. ಹಸಿದವನ ಕೈ ಯಾವುದು, ಹೊಟ್ಟೆ ತುಂಬಿದವನ ಕೈ ಯಾವುದು ಎಂದು ನನಗೆ ಯಾರೂ ಹೇಳಬೇಕಿಲ್ಲ. ಆ ಸಾಲಿನಲ್ಲಿ ಒಬ್ಬರಿಗೂ ಹಸಿವಿರಲಿಲ್ಲ. ಎಲ್ಲರೂ ನನ್ನ ಸಲುವಾಗಿ ಉಣ್ಣುತ್ತಿದ್ದರು.

ನಾನು ಅವಸರ ಮಾಡಲಿಲ್ಲ. ಅನ್ನ ಮುಗಿಸಿದೆ. ಹುಗ್ಗಿ ಇನ್ನಷ್ಟು ಕೇಳಿ ಹಾಕಿಸಿಕೊಂಡು ಅದನ್ನೂ ಮುಗಿಸಿದೆ. ಎಲೆಯ ಮೇಲೆ ಒಂದು ಅಗುಳೂ ಉಳಿಯದ ಹಾಗೆ ಬಳಿದು, ಗಲ್ಲ ಒರೆಸಿಕೊಂಡು, ತಲೆ ಎತ್ತಿ ಹೇಳಿದೆ.

"ನಂದು ಆತು. ಏಳ್ರಿ ಎಲ್ಲಾರೂ."

ಪಂಕ್ತಿ ಎದ್ದಿತು.